ನೀಲಿಯ ಹಸಿವು

ಬೆರಳುದ್ದದ ಮ್ಯಾಂಡರಿನ್ ಮೀನು ಉಪ್ಪುನೀರಿನ ತೊಟ್ಟಿಗೆ ಬಂದರೆ ಇಡೀ ಕೋಣೆಗೆ ಕಳೆ ಬರುತ್ತದೆ. ಆದರೆ ಅದನ್ನು ಉಳಿಸಿಕೊಳ್ಳಬೇಕಿದ್ದರೆ ಮೊದಲು ಅದರ ಊಟವನ್ನು ತೊಟ್ಟಿಯಲ್ಲೇ ಬೆಳೆಯಬೇಕು.

ಪ್ರಾಣಿಲೋಕದಲ್ಲಿ ನೀಲಿ ಬಹುಪಾಲು ಕಣ್ಕಟ್ಟು. ನವಿಲುಗರಿಯನ್ನು ನುಣ್ಣಗೆ ಅರೆದರೆ ನೀಲಿ ಮಾಯವಾಗಿ ಕಂದು ಪುಡಿಯಷ್ಟೇ ಉಳಿಯುತ್ತದೆ. ಮಿಂಚುಳ್ಳಿಯ ಬೆನ್ನಿನ ಕಥೆಯೂ ಅದೇ. ಗರಿಯೊಳಗಿನ ಅತಿಸೂಕ್ಷ್ಮ ರಚನೆಗೆ ಬೆಳಕು ಬಡಿದಾಗ ನೀಲಿ ಮಾತ್ರ ನಮ್ಮ ಕಣ್ಣಿನತ್ತ ಚಿಮ್ಮುತ್ತದೆ, ನೀಲಿ ಬಣ್ಣ ಎಂಬ ವಸ್ತು ಅಲ್ಲಿ ಇರುವುದೇ ಇಲ್ಲ. ಹೀಗಿರುವಾಗ 1995ರಲ್ಲಿ ಗೋಡಾ ಮತ್ತು ಫುಜಿ ಎಂಬ ಜಪಾನಿನ ಇಬ್ಬರು ವಿಜ್ಞಾನಿಗಳು ಎರಡು ಪುಟ್ಟ ಮೀನುಗಳ ಚರ್ಮವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಆ ಚರ್ಮದ ಜೀವಕೋಶಗಳ ಒಳಗೆ ನಿಜವಾದ ನೀಲಿ ಕಣಗಳು ತುಂಬಿದ್ದವು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಅಂಥ ಜೀವಕೋಶ ಕಂಡದ್ದು ಅದೇ ಮೊದಲು. ಅದಕ್ಕೆ ಅವರು ಸೈನೋಫೋರ್ ಎಂದು ಹೆಸರಿಟ್ಟರು. ಆ ಎರಡೂ ಮೀನುಗಳು ಡ್ರ್ಯಾಗನೆಟ್ ಎಂಬ ಕುಟುಂಬಕ್ಕೆ ಸೇರಿದವು. ಒಂದು ಮ್ಯಾಂಡರಿನ್ ಮೀನು, ಇನ್ನೊಂದು ಮೈತುಂಬ ಬಳೆಯಾಕಾರದ ಚುಕ್ಕೆಗಳಿರುವ ಅದರ ಹತ್ತಿರದ ನಂಟ.

ಮ್ಯಾಂಡರಿನ್ ಮೀನನ್ನು ಮೊದಲ ಸಲ ನೋಡಿದವರು ಅದು ಜೀವಂತ ಎಂದು ನಂಬಲು ಒಂದು ಗಳಿಗೆ ತೆಗೆದುಕೊಳ್ಳುತ್ತಾರೆ. ಮೈಯೆಲ್ಲ ಕಡುನೀಲಿ. ಅದರ ಮೇಲೆ ಕಿತ್ತಳೆ ಬಣ್ಣದ ಪಟ್ಟೆಗಳು ಎಲ್ಲಿಂದಲೋ ಹೊರಟು, ಬಳುಕಿ, ಒಂದನ್ನೊಂದು ಹಾಯ್ದು ಇನ್ನೆಲ್ಲೋ ಮುಗಿಯುತ್ತವೆ. ಕೆನ್ನೆಯ ಮೇಲೆ ಹಸಿರು, ಹಳದಿ, ಈಜುರೆಕ್ಕೆಯ ಅಂಚಿಗೆ ಇನ್ನೊಂದು ನೀಲಿ. ಕಣ್ಣುಗಳು ತಲೆಯಿಂದ ಹೊರಗೆ ಉಬ್ಬಿಕೊಂಡು ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಚೀನಾದ ಸಾಮ್ರಾಜ್ಯದ ಕಾಲದಲ್ಲಿ ಮ್ಯಾಂಡರಿನ್ ಎಂದು ಕರೆಸಿಕೊಳ್ಳುತ್ತಿದ್ದ ಅಧಿಕಾರಿಗಳ ಕಸೂತಿಯ ರೇಷ್ಮೆ ನಿಲುವಂಗಿಯನ್ನು ನೆನೆದು ಯಾರೋ ಈ ಹೆಸರು ಕೊಟ್ಟರು. ವಿಜ್ಞಾನದ ದಾಖಲೆಗೆ ಇದನ್ನು ಸೇರಿಸಿದವರು ಅಮೆರಿಕದ ಮತ್ಸ್ಯತಜ್ಞ ಆಲ್ಬರ್ಟ್ ಹೆರೆ, 1927ರಲ್ಲಿ, ಫಿಲಿಪೀನ್ಸ್‌ನಲ್ಲಿ ಸಿಕ್ಕ ಮೀನಿನಿಂದ. ಈಗ ಅದರ ಶಾಸ್ತ್ರೀಯ ಹೆಸರು ಸಿಂಕೈರೋಪಸ್ ಸ್ಪ್ಲೆಂಡಿಡಸ್. ಉದ್ದ ಆರೇಳು ಸೆಂಟಿಮೀಟರ್, ಅಷ್ಟೇ.

ಜಪಾನಿನ ರ‍್ಯೂಕ್ಯೂ ದ್ವೀಪಗಳಿಂದ ಫಿಲಿಪೀನ್ಸ್, ಇಂಡೊನೇಷ್ಯಾ, ಪಲಾವ್ ದಾಟಿ ಆಸ್ಟ್ರೇಲಿಯಾದ ತನಕ ಇದರ ಸಂಸಾರ. ಮುರುಡೇಶ್ವರದ ಆಚೆ ನೇತ್ರಾಣಿಯಲ್ಲಿ ಸ್ಕೂಬಾ ಮುಳುಗು ಹಾಕಿ ಬಂದವರು ಇದನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ, ಅರಬ್ಬಿ ಸಮುದ್ರಕ್ಕೂ ಇದಕ್ಕೂ ನಂಟಿಲ್ಲ. ಆದರೆ ಡ್ರ್ಯಾಗನೆಟ್ ಕುಟುಂಬ ದೊಡ್ಡದು, ಪ್ರಪಂಚದಲ್ಲಿ ಸುಮಾರು 200 ಜಾತಿಗಳಿವೆ. ಅದರ ಮಣ್ಣುಬಣ್ಣದ ಬಡ ಸದಸ್ಯರು ನಮ್ಮ ಕರಾವಳಿಯ ಮರಳುತಳದಲ್ಲೂ ಇದ್ದಾರೆ. ಟ್ರಾಲ್ ಬಲೆಯಲ್ಲಿ ಬಂದ ಕಸಮೀನಿನ ರಾಶಿಯಲ್ಲಿ ಅವು ಸೇರಿಹೋಗುತ್ತವೆ, ಯಾರೂ ತಿರುಗಿ ನೋಡುವುದಿಲ್ಲ.

ಹವಳದ ದಿಬ್ಬ ಎಂದ ಕೂಡಲೇ ನಾವು ಕಲ್ಪಿಸಿಕೊಳ್ಳುವ ತಿಳಿನೀಲಿ ನೀರು ಮ್ಯಾಂಡರಿನ್‌ಗೆ ಬೇಡ. ಅಲೆಯ ಹೊಡೆತವಿಲ್ಲದ ಕೊಲ್ಲಿ, ಹೂಳು ಕೂತ ತಳ, ಮುರಿದ ಹವಳದ ಚೂರುಗಳ ರಾಶಿ, ಇಂಥ ಜಾಗವೇ ಅದಕ್ಕೆ ಹಿತ. ಇಂಡೊನೇಷ್ಯಾದ ಬಾಂಡಾ ನೈರಾದಲ್ಲಿ ದೋಣಿಕಟ್ಟೆಯ ಕೆಳಗಿನ ಕಲ್ಲುಗುಂಡುಗಳ ಸಂದಿಯಲ್ಲೇ ಅವು ಬಾಳುತ್ತವೆ. ಇಷ್ಟು ಬಣ್ಣ ಹೊತ್ತ ಬೆರಳುದ್ದದ ಜೀವಿಯನ್ನು ದೊಡ್ಡ ಮೀನುಗಳು ತಿನ್ನುವುದಿಲ್ಲವೇ? ಇದರ ಮೈಮೇಲೆ ಹುರುಪೆಗಳಿಲ್ಲ, ಬದಲಿಗೆ ದಪ್ಪ ಲೋಳೆಯ ಹೊದಿಕೆ. ಆ ಲೋಳೆ ಕಹಿ, ಕೆಟ್ಟ ವಾಸನೆಯದು, ವಿಷ ಬೆರೆತದ್ದು. ಬಣ್ಣ ಇಲ್ಲಿ ಅಲಂಕಾರವಲ್ಲ, ದೂರವಿರಿ ಎಂಬ ಫಲಕ. ಇದೇ ಲೋಳೆಯಿಂದಾಗಿ ಉಪ್ಪುನೀರಿನ ತೊಟ್ಟಿಗಳನ್ನು ಕಾಡುವ ಬಿಳಿಚುಕ್ಕೆ ರೋಗವೂ ಇದನ್ನು ಸುಲಭವಾಗಿ ಹಿಡಿಯುವುದಿಲ್ಲ. ಹಾಗೆಂದು ಬರುವುದೇ ಇಲ್ಲ ಎಂದಲ್ಲ, ಕಿವಿರಿಗೆ ತಗುಲಬಹುದು.

ಮುಸ್ಸಂಜೆಯ ಹತ್ತು ನಿಮಿಷ

ಫಿಲಿಪೀನ್ಸ್‌ನ ಮಲಪಾಸ್ಕುವಾದಲ್ಲಿ, ಯಾಪ್ ಮತ್ತು ಪಲಾವ್ ದ್ವೀಪಗಳಲ್ಲಿ ಸಂಜೆಯಾದರೆ ಸಾಕು, ಮುಳುಗುಗಾರರು ಕ್ಯಾಮೆರಾ ಹಿಡಿದು ಹವಳದ ಚೂರುಗಳ ಮುಂದೆ ಕಾದು ಕೂರುತ್ತಾರೆ. ಹಗಲಿಡೀ ಸಂದಿಯಲ್ಲಿ ಸುಳಿದಾಡುವ ಮೀನುಗಳು ಬೆಳಕು ಇನ್ನೇನು ಆರುತ್ತದೆ ಎನ್ನುವಾಗ ಬಯಲಿಗೆ ಬರುತ್ತವೆ. ಗಂಡಿನ ಬೆನ್ನಿನ ಮೊದಲ ಈಜುರೆಕ್ಕೆಯ ಮುಂದಿನ ಕಡ್ಡಿ ಉದ್ದ. ಅದನ್ನು ನಿಮಿರಿಸಿಕೊಂಡು ಅದು ಹೆಣ್ಣುಗಳ ಎದುರು ಮೆರೆಯುತ್ತದೆ. ಒಪ್ಪಿದ ಹೆಣ್ಣು ಗಂಡಿನ ಈಜುರೆಕ್ಕೆಗೆ ಆತುಕೊಳ್ಳುತ್ತದೆ. ಎರಡೂ ಹೊಟ್ಟೆಗೆ ಹೊಟ್ಟೆ ತಾಗಿಸಿ ನಿಧಾನವಾಗಿ ಮೇಲೇಳುತ್ತವೆ. ತಳದಿಂದ ಸುಮಾರು ಒಂದು ಮೀಟರ್ ಮೇಲಕ್ಕೆ ಹೋಗಿ ಕ್ಷಣಹೊತ್ತು ನಿಂತು ಮೊಟ್ಟೆ, ವೀರ್ಯ ಬಿಟ್ಟು ಫಕ್ಕನೆ ಕೆಳಗೆ ಧುಮುಕಿ ಮಾಯ. ಒಂದು ಸಲಕ್ಕೆ ಇನ್ನೂರರ ತನಕ ಮೊಟ್ಟೆ. ತಾಯಿ ಕಾಯುವುದಿಲ್ಲ, ತಂದೆಯೂ ಇಲ್ಲ. ಮೊಟ್ಟೆಗಳು ನೀರಿನೊಡನೆ ತೇಲಿಹೋಗುತ್ತವೆ, ಒಂದು ದಿನದೊಳಗೆ ಒಡೆಯುತ್ತವೆ. ಮರಿಗಳು ಎರಡು ವಾರದ ಹೊತ್ತಿಗೆ ತಳಕ್ಕೆ ಇಳಿಯುತ್ತವೆ.

ಈ ಆಟ ಮನೆಯ ತೊಟ್ಟಿಯಲ್ಲೂ ನಡೆಯುತ್ತದೆ ಎಂಬುದು ಹವ್ಯಾಸಿಗಳಿಗೆ ಹುಚ್ಚು ಹಿಡಿಸುವ ಸಂಗತಿ. ಹೊಟ್ಟೆ ತುಂಬಿರುವ ಒಂದು ಜೋಡಿ ಇದ್ದರೆ, ದೀಪ ಆರುವ ಹೊತ್ತು ದಿನವೂ ಒಂದೇ ಆಗಿದ್ದರೆ, ಗಾಜಿನ ಹಿಂದೆ ಅದೇ ಮೆರವಣಿಗೆ. ಮೊಟ್ಟೆಗಳು ಫಿಲ್ಟರ್‌ಗೋ ಹವಳದ ಬಾಯಿಗೋ ಹೋಗುತ್ತವೆ, ಅದು ಬೇರೆ ಮಾತು. ಮೇಲಿನ ವಾಕ್ಯದಲ್ಲಿ ‘ಹೊಟ್ಟೆ ತುಂಬಿರುವ’ ಎಂಬುದನ್ನು ಮಾತ್ರ ಇನ್ನೊಮ್ಮೆ ಓದಿಕೊಳ್ಳಿ. ಉಪ್ಪುನೀರಿನ ಮೀನು ಸಾಕುವವರಲ್ಲಿ ಮ್ಯಾಂಡರಿನ್‌ಗೆ ಒಂದು ಅಪಖ್ಯಾತಿಯಿದೆ. ತಂದ ಮನೆಗಳಲ್ಲಿ ಬಹಳಷ್ಟು ಕಡೆ ಅದು ಕೆಲವೇ ತಿಂಗಳಲ್ಲಿ ಸಾಯುತ್ತದೆ, ಅದೂ ರೋಗದಿಂದಲ್ಲ, ಹಸಿವಿನಿಂದ.

ದಿನವಿಡೀ ನಡೆಯುವ ಊಟ

ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಈ ಹಸಿವಿನ ಕಾರಣ ಗೊತ್ತಾಗುತ್ತದೆ. ಮ್ಯಾಂಡರಿನ್ ಈಜುವುದಕ್ಕಿಂತ ತಳದ ಮೇಲೆ ತೆವಳುವುದೇ ಹೆಚ್ಚು. ಒಂದು ಬಂಡೆಯ ಮುಂದೆ ನಿಲ್ಲುತ್ತದೆ, ಕಣ್ಣು ಹೊರಳಿಸುತ್ತದೆ, ಒಂದು ಬಿಂದುವನ್ನು ದಿಟ್ಟಿಸುತ್ತದೆ, ಪುಟ್ಟ ಬಾಯಿಯನ್ನು ಮುಂದಕ್ಕೆ ಚಾಚಿ ‘ಟಕ್’ ಎಂದು ಹೀರಿಕೊಳ್ಳುತ್ತದೆ. ಮತ್ತೆ ಒಂದಿಂಚು ಮುಂದೆ. ನಮ್ಮ ಕಣ್ಣಿಗೆ ಅಲ್ಲಿ ಏನೂ ಕಾಣುವುದಿಲ್ಲ. ಅದಕ್ಕೆ ಕಾಣುವುದು ಕೋಪೆಪಾಡ್, ಅಂದರೆ ಒಂದು ಮಿಲಿಮೀಟರ್ ಇಲ್ಲವೇ ಅದಕ್ಕಿಂತ ಚಿಕ್ಕದಾದ ಕಠಿಣಚರ್ಮಿ. ಸಿಗಡಿಯ ದೂರದ ಬಂಧು. ಹವ್ಯಾಸಿಗಳ ಬಾಯಲ್ಲಿ ಇದು ಬರೀ ‘ಪಾಡ್’. ಕಡಲಿನ ಮ್ಯಾಂಡರಿನ್ ಇದರ ಜೊತೆಗೆ ಸಣ್ಣ ಹುಳು, ಪುಟಾಣಿ ಶಂಖದ ಹುಳು, ಬೇರೆ ಮೀನಿನ ಮೊಟ್ಟೆಯನ್ನೂ ತಿನ್ನುತ್ತದೆ.

ಐದು ಸೆಕೆಂಡಿಗೊಂದು ಹೀರು ಎಂದು ಲೆಕ್ಕ ಹಿಡಿಯೋಣ. ಗಂಟೆಗೆ 720 ಆಯಿತು. ಹತ್ತು ಗಂಟೆಯ ಹಗಲಿಗೆ 7,200. ಪ್ರತಿ ಸಲವೂ ಬಾಯಿಗೆ ಏನಾದರೂ ಬೀಳುತ್ತದೆ ಎಂದೇನಿಲ್ಲ, ಅರ್ಧ ಹುಸಿ ಎಂದರೂ ದಿನಕ್ಕೆ ಸಾವಿರಗಟ್ಟಲೆ ಜೀವಿ ಬೇಕು. ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ ಕಾಳು ಉದುರಿಸಿ ಮೀನು ಸಾಕಿದ ನಮ್ಮ ರೂಢಿ ಇಲ್ಲಿ ನಡೆಯುವುದಿಲ್ಲ. ಕಾಳನ್ನು ಇದು ಊಟ ಎಂದೇ ಗುರುತಿಸುವುದಿಲ್ಲ. ಅದರ ಮೂಗಿನ ಮೇಲೆ ಬಿದ್ದು ಜಾರಿದರೂ ತಿರುಗಿ ನೋಡುವುದಿಲ್ಲ, ಚಲಿಸದೆ ಇರುವುದು ಅದರ ಲೆಕ್ಕದಲ್ಲಿ ಕಲ್ಲು.

ಇನ್ನೊಂದು ತೊಡಕು, ಹಸಿದ ಮ್ಯಾಂಡರಿನ್ ಆರೋಗ್ಯವಂತ ಮ್ಯಾಂಡರಿನ್ ಥರವೇ ಕಾಣುತ್ತದೆ. ಬಣ್ಣ ಮಾಸುವುದಿಲ್ಲ. ಕೊನೆಯ ದಿನದವರೆಗೂ ಬಂಡೆ ತಡಕಾಡುತ್ತಲೇ ಇರುತ್ತದೆ. ಮನೆಯವರು ‘ನೋಡಿ, ಎಷ್ಟು ಚೆನ್ನಾಗಿ ಮೇಯುತ್ತಿದೆ’ ಎಂದು ಹಿಗ್ಗುತ್ತಾರೆ. ಮೇಲಿನಿಂದ ನೋಡಿದರೆ ಮಾತ್ರ ಸತ್ಯ ಗೊತ್ತಾಗುತ್ತದೆ. ತಲೆಯ ಹಿಂಭಾಗ ಕುಗ್ಗಿರುತ್ತದೆ, ಹೊಟ್ಟೆ ಒಳಕ್ಕೆ ಸೆಳೆದಿರುತ್ತದೆ, ಬೆನ್ನಿನ ಎರಡೂ ಬದಿಯ ಮಾಂಸ ಕರಗಿ ಎಲುಬಿನ ಗೆರೆ ಎದ್ದಿರುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಹೊಸದಾಗಿ ಉಪ್ಪುನೀರಿನ ತೊಟ್ಟಿ ಇಟ್ಟವರಿಗೆ ಇದನ್ನು ಮಾರುವ ಅಂಗಡಿಯವರ ಮೇಲೆ ನನಗೆ ಸಿಟ್ಟಿದೆ. ಬಣ್ಣ ನೋಡಿದ ಗಿರಾಕಿ ಬಿಡುವುದಿಲ್ಲ ಎಂಬುದೂ ನಿಜ. ‘ಏನು ತಿನ್ನುತ್ತದೆ?’ ಎಂದರೆ ‘ತಳದಲ್ಲಿ ಸಿಕ್ಕಿದ್ದು ತಿಂದುಕೊಂಡಿರುತ್ತದೆ ಸಾರ್’ ಎಂಬ ಉತ್ತರ ಬರುತ್ತದೆ. ಆ ಉತ್ತರ ಸುಳ್ಳಲ್ಲ. ತಿಂಗಳ ಹಿಂದೆ ಶುರುವಾದ ತೊಟ್ಟಿಯ ತಳದಲ್ಲಿ ಸಿಗುವಂಥದ್ದು ಏನೂ ಇರುವುದಿಲ್ಲ ಎಂಬುದನ್ನಷ್ಟೇ ಹೇಳದೆ ಬಿಟ್ಟಿರುತ್ತಾರೆ.

ಆ ಅಂಗಡಿಯ ತನಕ ಮೀನು ಬಂದ ದಾರಿಯೂ ಸುಖದ್ದಲ್ಲ. ಹವಳದ ಚೂರುಗಳ ಆಳಕ್ಕೆ ನುಸುಳುವ ಮೀನನ್ನು ಬಲೆಯಲ್ಲಿ ಹಿಡಿಯುವುದು ಕಷ್ಟ. ಫಿಲಿಪೀನ್ಸ್‌ನ ಕೆಲವೆಡೆ ಸೂಜಿಮೊನೆಯ ಪುಟ್ಟ ಈಟಿಯಿಂದ ಚುಚ್ಚಿ ಹಿಡಿಯುವ ಕ್ರಮವಿದೆ, ಆ ಗಾಯ ಒಣಗಿ ಮೀನು ಬದುಕುವುದೂ ಉಂಟು. ಅಲಂಕಾರ ಮೀನು ಹಿಡಿಯಲು ಆ ದೇಶದಲ್ಲಿ 1960ರ ದಶಕದಿಂದ ಸಯನೈಡ್ ಸಿಂಪಡಿಸುವ ಚಾಳಿಯೂ ಬೆಳೆಯಿತು. ಮೀನು ಮಂಕಾಗಿ ಕೈಗೆ ಸಿಗುತ್ತದೆ, ಸುತ್ತಲಿನ ಹವಳ ಸಾಯುತ್ತದೆ. ಮಾರುಕಟ್ಟೆಗೆ ಉದ್ದ ರೆಕ್ಕೆಯ ದೊಡ್ಡ ಗಂಡೇ ಬೇಕು, ಹೆಣ್ಣು ಮೀನುಗಳಿಗೂ ಅಂಥದ್ದೇ ಬೇಕು. ಒಳ್ಳೆಯ ಗಂಡುಗಳನ್ನೆಲ್ಲ ಆರಿಸಿ ಒಯ್ದ ದಿಬ್ಬದಲ್ಲಿ ಸಂಜೆಯ ಜೋಡಿಯಾಟ ಸೊರಗುತ್ತದೆ.

ಮೊದಲು ಮೇವು

ಹಾಗಾದರೆ ಸಾಕಲೇಬಾರದೇ? ಸಾಕಬಹುದು. ಕ್ರಮ ಬದಲಿಸಬೇಕು ಅಷ್ಟೆ. ಹಟ್ಟಿಗೆ ಹಸು ತರುವ ಮೊದಲು ಹುಲ್ಲು ಎಲ್ಲಿದೆ ಎಂದು ರೈತ ನೋಡಿಕೊಳ್ಳುತ್ತಾನೆ. ಮ್ಯಾಂಡರಿನ್ ವಿಷಯದಲ್ಲಿ ಆ ಹುಲ್ಲುಗಾವಲು ಎಂದರೆ ಬಂಡೆ.

ಪಾಡ್‌ಗಳು ಬಾಳುವುದು ಸಾವಿರಾರು ತೂತುಗಳಿರುವ ಬಂಡೆಯ ಒಳಗೆ. ವಿದೇಶಗಳಲ್ಲಿ ಸಮುದ್ರದಿಂದ ಎತ್ತಿದ ‘ಲೈವ್ ರಾಕ್’ ಅಂದರೆ ಜೀವಿಗಳು ತುಂಬಿದ ಹಳೆಯ ಹವಳದ ಬಂಡೆ ಮಾರಾಟಕ್ಕೆ ಸಿಗುತ್ತಿತ್ತು. ಭಾರತದಲ್ಲಿ ಆ ಯೋಚನೆ ಬೇಡ. 2001ರಿಂದ ಇಲ್ಲಿನ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಲಕ್ಷದ್ವೀಪದಿಂದಲೋ ಮನ್ನಾರ್ ಕೊಲ್ಲಿಯಿಂದಲೋ ‘ಒಂದು ಚೂರು’ ತಂದುಕೊಡುತ್ತೇನೆ ಎನ್ನುವವರನ್ನು ದೂರವಿಡಿ. ಸಿಮೆಂಟ್ ಅಥವಾ ಸೆರಾಮಿಕ್‌ನಿಂದ ಮಾಡಿದ ಒಣ ಬಂಡೆಗಳು ಸಾಕು. ಒಂದಿಷ್ಟು ಪಾಡ್ ಬಿಟ್ಟರೆ ಅವಕ್ಕೆ ಜೀವ ತುಂಬುತ್ತದೆ, ಆದರೆ ಅದಕ್ಕೆ ಕಾಲ ಬೇಕು. ತೊಟ್ಟಿಯಲ್ಲಿ ಅಮೋನಿಯಾ, ನೈಟ್ರೈಟ್ ಸೊನ್ನೆಗೆ ಇಳಿಯಲು ನಾಲ್ಕರಿಂದ ಆರು ವಾರ ಸಾಕಾಗಬಹುದು. ಕ್ಲೌನ್ ಮೀನು ಬಿಡಲು ಅಷ್ಟು ಆದರೆ ಸರಿ. ಮ್ಯಾಂಡರಿನ್‌ಗೆ ಕನಿಷ್ಠ ಆರು ತಿಂಗಳು, ನನ್ನನ್ನು ಕೇಳಿದರೆ ಒಂದು ವರ್ಷ.

ಗಾತ್ರಕ್ಕೆ ಬಂದರೆ 300 ಲೀಟರ್ ಎಂಬುದು ಹವ್ಯಾಸಿಗಳು ಒಪ್ಪಿಕೊಂಡು ಬಂದಿರುವ ಕೆಳಮಿತಿ. ಆರೇಳು ಸೆಂಟಿಮೀಟರ್ ಮೀನಿಗೆ ಇದು ಅತಿಯಾಯಿತು ಎನ್ನಿಸಬಹುದು. ಮೀನಿಗೆ ಈಜಲು ಜಾಗ ಬೇಕೆಂದಲ್ಲ, ಅದು ಒಂದು ಕಡೆ ಮೇಯುತ್ತಿರುವಾಗ ಇನ್ನೊಂದು ಕಡೆ ಮೇವು ಮತ್ತೆ ಚಿಗುರಬೇಕು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿಗೆ ಸುಮಾರು 340 ಲೀಟರ್ ಹಿಡಿಯುತ್ತದೆ. ನೀರಿನ ತೂಕವೇ 340 ಕೆ.ಜಿ. ದಾಟುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಯಾವ ಗೋಡೆಗೆ ಒತ್ತಿ ಇಡುವುದೆಂದು ಎಂಜಿನಿಯರರನ್ನು ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು.

ನೀರಿನ ಮಾತು ಬೇಗ ಮುಗಿಸುತ್ತೇನೆ, ಅದು ಎಲ್ಲ ಉಪ್ಪುನೀರಿನ ತೊಟ್ಟಿಗಳಿಗೂ ಒಂದೇ. ಉಷ್ಣತೆ 24ರಿಂದ 26 ಡಿಗ್ರಿ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಎಂದರೆ 300 ಲೀಟರಿಗೆ ಹತ್ತು ಕೆ.ಜಿ.ಗೂ ಮಿಕ್ಕಿ. ಅಡುಗೆ ಉಪ್ಪು ಅಲ್ಲ, ಅಕ್ವೇರಿಯಂಗೆಂದೇ ಬರುವ ಸಮುದ್ರ ಉಪ್ಪಿನ ಮಿಶ್ರಣ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಅದನ್ನು ಕರಗಿಸಿದರೆ ಪಾಚಿ ಮುತ್ತಿಕೊಳ್ಳುತ್ತದೆ. ಅಡುಗೆಮನೆಯ ಆರ್‌ಓ ಯಂತ್ರ ಅರ್ಧ ಕೆಲಸ ಮಾಡುತ್ತದೆ, ಉಳಿದದ್ದನ್ನು ತೆಗೆಯಲು ಡಿಐ ರೆಸಿನ್ ಕೊಳವೆ ಸೇರಿಸಿ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರುವಂತೆ ಮಾಡಿಕೊಳ್ಳಬೇಕು. ಆವಿಯಾಗಿ ಹೋದ ನೀರಿನ ಬದಲಿಗೆ ಬರೀ ಸಿಹಿನೀರು ಹಾಕಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಮಂಗಳೂರು, ಉಡುಪಿಯ ಓದುಗರು ಕೇಳಬಹುದು: ಮನೆಯ ಮುಂದೆಯೇ ಕಡಲಿದೆಯಲ್ಲ? ದಡದ ನೀರಿಗೆ ಹೊಳೆಯ ಕೆಸರು, ಊರಿನ ಕೊಳಚೆ ಸೇರಿರುತ್ತದೆ. ಮಳೆಗಾಲದಲ್ಲಿ ನೇತ್ರಾವತಿ ತುಂಬಿ ಹರಿದಾಗ ಅಳಿವೆಯ ಸುತ್ತ ಉಪ್ಪಿನಂಶವೇ ಕುಸಿದಿರುತ್ತದೆ. ಪುಡಿಯೇ ಲೇಸು. ಕರಾವಳಿಯವರಿಗೆ ಬೇಸಿಗೆಯಲ್ಲಿ ಚಿಲ್ಲರ್ ಖರ್ಚು ಬೇರೆ. ಕರೆಂಟು ಹೋದಾಗ ಪಂಪ್ ನಿಲ್ಲದಂತೆ ಇನ್ವರ್ಟರ್ ಅಥವಾ ಕನಿಷ್ಠ ಬ್ಯಾಟರಿ ಏರ್ ಪಂಪ್ ಎಲ್ಲರಿಗೂ ಬೇಕು.

ಮೇವಿಗೆ ಮರಳೋಣ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಸಣ್ಣ ತೊಟ್ಟಿ ಇಟ್ಟು, ಅದರಲ್ಲಿ ಕೀಟೊಮಾರ್ಫಾ ಎಂಬ ಹಸಿರು ನಾರಿನಂಥ ಪಾಚಿಯ ಮುದ್ದೆ, ಸ್ವಲ್ಪ ಬಂಡೆಚೂರು ಹಾಕಿ, ಮೀನು ಬಿಡದೆ ಇಟ್ಟರೆ ಅದೇ ರೆಫ್ಯೂಜಿಯಂ. ಶತ್ರುಗಳಿಲ್ಲದ ಈ ಪಾಚಿಪೊದೆಯಲ್ಲಿ ಪಾಡ್‌ಗಳು ಬೆಳೆದು, ಹೆಚ್ಚಾದವು ಪಂಪಿನ ನೀರಿನೊಡನೆ ಮೇಲಿನ ತೊಟ್ಟಿಗೆ ಹೋಗುತ್ತವೆ. ಮೇಲಿನ ದೀಪ ಆರಿದಾಗ ಕೆಳಗಿನದು ಹೊತ್ತಿಕೊಂಡರೆ ಇನ್ನೂ ಒಳ್ಳೆಯದು, ರಾತ್ರಿ ನೀರಿನ ಪಿಎಚ್ ಇಳಿಯುವುದು ತಗ್ಗುತ್ತದೆ.

ಪಾಡ್‌ಗಳಲ್ಲೂ ಗುಣಭೇದವಿದೆ. ಟಿಗ್ರಿಯೋಪಸ್ ಎಂಬುದು ಕೆಂಪಗೆ, ದಪ್ಪಗೆ, ಕಣ್ಣಿಗೆ ಕಾಣುವಂಥದು. ಅಮೆರಿಕದ ಪೆಸಿಫಿಕ್ ದಂಡೆಯ ಬಂಡೆಗುಳಿಗಳಲ್ಲಿ ಬಿಸಿಲು, ಮಳೆ, ಉಪ್ಪು ಎಲ್ಲವನ್ನೂ ಸಹಿಸಿ ಬೆಳೆದ ಗಟ್ಟಿಪಿಂಡ. ಆದರೆ ಬಯಲಲ್ಲಿ ಈಜಾಡುವುದರಿಂದ ತೊಟ್ಟಿಗೆ ಬಿಟ್ಟ ಗಂಟೆಯೊಳಗೆ ಎಲ್ಲ ಮೀನುಗಳೂ ಸೇರಿ ಮುಗಿಸುತ್ತವೆ. ಟಿಸ್ಬೆ ಎಂಬುದು ಸಣ್ಣದು, ಬಿಳಿಚಿಕೊಂಡದ್ದು, ನೋಡಲು ಏನೂ ಇಲ್ಲ. ಅದು ಬಂಡೆಯ ಸಂದಿಗೆ ಸೇರಿಕೊಂಡು ಅಲ್ಲೇ ಸಂಸಾರ ಹೂಡುತ್ತದೆ. ಔತಣಕ್ಕೆ ಟಿಗ್ರಿಯೋಪಸ್, ನಿತ್ಯದ ಊಟಕ್ಕೆ ಟಿಸ್ಬೆ. ಎರಡನ್ನೂ ಮನೆಯಲ್ಲೇ ಸಾಕಬಹುದು. ಐದು ಲೀಟರಿನ ಪ್ಲಾಸ್ಟಿಕ್ ಡಬ್ಬ, ಉಪ್ಪುನೀರು, ಏರ್ ಪಂಪಿನಿಂದ ಗುಳುಗುಳು ಎನ್ನುವಷ್ಟು ಗಾಳಿ, ಊಟಕ್ಕೆ ನ್ಯಾನೋಕ್ಲೊರೋಪ್ಸಿಸ್ ಎಂಬ ಸೂಕ್ಷ್ಮಪಾಚಿಯ ಹಸಿರು ನೀರು. ನೀರು ತೆಳು ಹಸಿರಾಗುವಷ್ಟು ಹಾಕಿ, ಅದು ತಿಳಿಯಾದಾಗ ಮತ್ತೆ ಹಾಕಿ. ಕಡುಹಸಿರು ಮಾಡಿದರೆ ಕೊಳೆತು ಎಲ್ಲ ಸಾಯುತ್ತದೆ. ಎರಡು ಮೂರು ವಾರದಲ್ಲಿ ಹೊಸ ತಲೆಮಾರು ಬರುತ್ತದೆ. ಸಣ್ಣ ಕಣ್ಣಿನ ಜಾಲರಿಯಲ್ಲಿ ಸೋಸಿ, ಪಂಪ್ ನಿಲ್ಲಿಸಿ, ರಾತ್ರಿ ಇತರ ಮೀನು ಮಲಗಿದ ಮೇಲೆ ಬಂಡೆಯ ಬುಡಕ್ಕೆ ಬಿಡಬೇಕು. ಡಬ್ಬ ಒಂದೇ ಇದ್ದರೆ ಯಾವತ್ತಾದರೂ ಕೈಕೊಡುತ್ತದೆ, ಎರಡು ಇಡಿ.

ತೊಟ್ಟಿ ತಯಾರಾಗಿದೆಯೇ ಎಂದು ತಿಳಿಯುವುದು ಹೇಗೆ? ದೀಪ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ಗಾಜಿನ ಬದಿಗೆ ಕಣ್ಣಿಡಿ. ಗಾಜಿನ ಮೇಲೆ, ಬಂಡೆಯ ಮೇಲೆ ಬಿಳಿ ಚುಕ್ಕೆಗಳು ಎಲ್ಲೆಂದರಲ್ಲಿ ಓಡಾಡುತ್ತಿದ್ದರೆ ಸರಿ. ಹುಡುಕಿ ಹುಡುಕಿ ನಾಲ್ಕು ಸಿಕ್ಕಿದರೆ ಇನ್ನೂ ಕಾಯಬೇಕು.

ಜೊತೆಗಾರರು

ಮ್ಯಾಂಡರಿನ್ ಜಗಳಗಂಟ ಅಲ್ಲ, ಇನ್ನೊಂದು ಗಂಡು ಮ್ಯಾಂಡರಿನ್ ಎದುರಿಗೆ ಬಂದರೆ ಮಾತ್ರ ಸಾಯುವ ತನಕ ಕಚ್ಚಾಡುತ್ತದೆ. ಒಂದು ಗಂಡು ಒಂದು ಹೆಣ್ಣು, ಅದೂ ತೊಟ್ಟಿ ದೊಡ್ಡದಿದ್ದರೆ. ಬೇರೆಯವರ ಆಯ್ಕೆಯಲ್ಲಿ ಒಂದೇ ಪ್ರಶ್ನೆ: ಅವರೂ ಪಾಡ್ ತಿನ್ನುತ್ತಾರೆಯೇ? ಆರು ಗೆರೆಯ ವ್ರಾಸ್ ಎಂಬ ಚುರುಕಿನ ಮೀನು ಇಡೀ ದಿನ ಇದೇ ಕೆಲಸ ಮಾಡುತ್ತದೆ, ಮ್ಯಾಂಡರಿನ್‌ಗಿಂತ ಎಷ್ಟೋ ಹೆಚ್ಚು ವೇಗದಲ್ಲಿ. ಅದಿರುವ ತೊಟ್ಟಿಗೆ ಮ್ಯಾಂಡರಿನ್ ತರುವುದು ಸಲ್ಲ. ಕ್ಲೌನ್ ಮೀನು, ಫೈರ್‌ಫಿಶ್, ಗೋಬಿಗಳು ತೊಂದರೆ ಕೊಡುವುದಿಲ್ಲ. ಕಾರ್ಪೆಟ್ ಅನಿಮೋನ್ ಬೇಡವೇ ಬೇಡ, ತಳದಲ್ಲಿ ತೆವಳುವ ಮೀನು ಅದರ ಮೇಲೆ ಕಾಲಿಟ್ಟಂತೆಯೇ. ಮೆತ್ತನೆಯ ಹವಳಗಳಿಗೆ ಮ್ಯಾಂಡರಿನ್ ಯಾವ ಹಾನಿಯನ್ನೂ ಮಾಡದು.

ಇದೇ ಕುಟುಂಬದ ಇನ್ನೂ ಕೆಲವರು ತೊಟ್ಟಿಗೆ ಬರುತ್ತಾರೆ. ‘ಸ್ಕೂಟರ್’ ಎಂಬ ಹೆಸರಿನಲ್ಲಿ ಮಾರುವ ಕಂದು ಚುಕ್ಕೆಯ ಡ್ರ್ಯಾಗನೆಟ್ ನೋಡಲು ಸಾಧಾರಣ, ಆದರೆ ತಯಾರಿ ಊಟ ಕಲಿಯುವುದರಲ್ಲಿ ಮ್ಯಾಂಡರಿನ್‌ಗಿಂತ ಜಾಣ. ಮಾಣಿಕ್ಯದ ಕೆಂಪಿನ ಒಂದು ಜಾತಿ ಫಿಲಿಪೀನ್ಸ್‌ನ ಹೋಲೋ ದ್ವೀಪದಿಂದ ಬರುತ್ತದೆ. ಅಕ್ವೇರಿಯಂ ಅಂಗಡಿಗಳಲ್ಲಿ ಅದು ಮಾರಾಟವಾಗುತ್ತಿದ್ದ ಎಷ್ಟೋ ಕಾಲದ ನಂತರ, 2016ರಲ್ಲಿ, ಯಿ-ಕೈ ಟೀ ಮತ್ತು ಆಂಥನಿ ಗಿಲ್ ಎಂಬ ತಜ್ಞರು ಅದನ್ನು ಹೊಸ ಜಾತಿ ಎಂದು ದಾಖಲಿಸಿ ಸಿಂಕೈರೋಪಸ್ ಸೈಕೊರಾಕ್ಸ್ ಎಂದು ಹೆಸರಿಟ್ಟರು. ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ಟಿ.ವಿ. ಧಾರಾವಾಹಿಯಲ್ಲಿ ಬರುವ ಕೆಂಪು ನಿಲುವಂಗಿಯ ಯೋಧರ ಹೆಸರದು. ವಿಜ್ಞಾನಿಗಳೂ ಟಿ.ವಿ. ನೋಡುತ್ತಾರೆ.

ತೊಟ್ಟಿಯಲ್ಲೇ ಹುಟ್ಟಿದವು

ಸಮುದ್ರದಿಂದ ಹಿಡಿದ ಮ್ಯಾಂಡರಿನ್‌ಗೆ ತಯಾರಿ ಊಟ ಕಲಿಸಲು ಆಗುವುದಿಲ್ಲ ಎಂದೇನಿಲ್ಲ. ತೊಟ್ಟಿಯೊಳಗೇ ತೂಗುಹಾಕುವ ತೂತಿನ ಪೆಟ್ಟಿಗೆಯಲ್ಲಿ ಅದನ್ನು ಒಂಟಿಯಾಗಿ ಇಟ್ಟು, ಮೊದಲು ಆರ್ಟೀಮಿಯಾ ಎಂಬ ಪುಟ್ಟ ಕಠಿಣಚರ್ಮಿಯ ಜೀವಂತ ಮರಿ ಕೊಡುತ್ತಾರೆ. ಮೊಟ್ಟೆಯೊಡೆದು ಹೊರಬಂದ ಕೆಲವೇ ಗಂಟೆಗಳಲ್ಲಿ ಕೊಡಬೇಕು, ಹೊತ್ತಾದರೆ ಅದರ ಹೊಟ್ಟೆಯಲ್ಲಿನ ಹಳದಿ ಕರಗಿ ಬರೀ ಸಿಪ್ಪೆ ಉಳಿಯುತ್ತದೆ. ಕೆಲವು ದಿನದ ಮೇಲೆ ಅದರೊಡನೆ ಮೀನಿನ ಮೊಟ್ಟೆ, ಮೈಸಿಸ್ ಎಂಬ ಸಿಗಡಿಯಂಥ ಜೀವಿಯ ಹೆಪ್ಪುಗಟ್ಟಿಸಿದ ಚೂರು ಬೆರೆಸುತ್ತಾರೆ. ನೀರಿನ ಸೆಳೆತಕ್ಕೆ ಚೂರು ಅಲುಗಿದಾಗ ಮೀನು ಮೋಸಹೋಗಿ ಹೀರುತ್ತದೆ. ಒಂದು ಸಲ ರುಚಿ ಸಿಕ್ಕರೆ ಗೆದ್ದಂತೆ. ಪೆಟ್ಟಿಗೆಯಿಂದ ಬಿಟ್ಟ ಮೇಲೂ ಅಗಲ ಬಾಯಿಯ ಸಣ್ಣ ಗಾಜಿನ ಜಾಡಿಯನ್ನು ತಳದಲ್ಲಿ ಮಲಗಿಸಿ, ಅದರೊಳಗೆ ಕೊಳವೆಯಿಂದ ಊಟ ಇಳಿಸಿದರೆ ಅವಸರದ ಮೀನುಗಳ ಕೈಗೆ ಸಿಗದೆ ಮ್ಯಾಂಡರಿನ್ ನಿಧಾನವಾಗಿ ತಿಂದುಕೊಳ್ಳುತ್ತದೆ. ಕೆಲವು ಮೀನು ಕಲಿಯುತ್ತವೆ, ಕೆಲವು ಕಲಿಯುವುದಿಲ್ಲ. ಯಾವುದು ಕಲಿಯುತ್ತದೆ ಎಂದು ಕೊಳ್ಳುವಾಗ ಹೇಳಲು ಬರುವುದಿಲ್ಲ, ಅದೇ ಕಷ್ಟ.

ಇದಕ್ಕೆ ಬೇರೆ ದಾರಿ ತೆರೆದದ್ದು ಸಾಕಣೆ ಕೇಂದ್ರಗಳು. ಅಮೆರಿಕದ ಫ್ಲಾರಿಡಾದಲ್ಲಿ ಓಆರ್‌ಎ ಎಂಬ ಸಂಸ್ಥೆ 2010ರಲ್ಲಿ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮ್ಯಾಂಡರಿನ್‌ಗಳನ್ನು ಮಾರುಕಟ್ಟೆಗೆ ತರುವುದಾಗಿ ಪ್ರಕಟಿಸಿದಾಗ ಹವ್ಯಾಸಿಗಳ ಲೋಕದಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಬಯೋಟಾ ಎಂಬ ಸಂಸ್ಥೆ ಪಲಾವ್ ದ್ವೀಪದಲ್ಲಿ, ಅಂದರೆ ಈ ಮೀನಿನ ತವರಿನಲ್ಲೇ, ಮರಿ ಮಾಡಲು ಶುರುಮಾಡಿತು. ಈ ಮರಿಗಳು ಚಿಕ್ಕಂದಿನಲ್ಲೇ ಹೆಪ್ಪುಗಟ್ಟಿಸಿದ ಆಹಾರವನ್ನೂ ಸಣ್ಣ ಕಾಳನ್ನೂ ತಿನ್ನಲು ಕಲಿತಿರುತ್ತವೆ. ಹಾಗೆಂದು ಪಾಡ್ ತುಂಬಿದ ಬಂಡೆ ಬೇಡವೆಂದಲ್ಲ. ದಿನಕ್ಕೆ ಎರಡು ಮೂರು ಸಲ ಕಾಳು ಕೊಟ್ಟರೂ ನಡುವಿನ ಹೊತ್ತು ಮೇಯಲು ಏನಾದರೂ ಬೇಕೇ ಬೇಕು. ಆದರೆ ಹಸಿವಿನ ಅಪಾಯ ಬಹಳ ಇಳಿಯುತ್ತದೆ, ಸಮುದ್ರದ ದಿಬ್ಬಕ್ಕೂ ಯಾರೂ ಈಟಿ ಹಿಡಿದು ಹೋಗಬೇಕಿಲ್ಲ. ಬೆಲೆ ಹೆಚ್ಚು. ಹೆಚ್ಚೇ ಇರಲಿ. ಅಗ್ಗವಾಗಿ ಸಿಕ್ಕಿದ್ದರಿಂದಲೇ ಇಷ್ಟೊಂದು ಮ್ಯಾಂಡರಿನ್‌ಗಳು ಸತ್ತದ್ದು.

ನಮ್ಮ ದೇಶದಲ್ಲಿ ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್, ಡ್ಯಾಮ್ಸೆಲ್ ಮುಂತಾದ ಅಲಂಕಾರ ಮೀನುಗಳ ಮರಿ ಮಾಡುವ ವಿಧಾನವನ್ನು ರೂಪಿಸಿದೆ. ತಿರುವನಂತಪುರದ ಬಳಿ ವಿಳಿಂಜಂನಲ್ಲಿರುವ ಅದರ ಕೇಂದ್ರದಲ್ಲಿ ಕೋಪೆಪಾಡ್ ಸಾಕಣೆಯ ಕೆಲಸವೂ ನಡೆದಿದೆ. ಸಮುದ್ರದ ಎಷ್ಟೋ ಅಲಂಕಾರ ಮೀನುಗಳ ಮರಿಗಳನ್ನು ಬದುಕಿಸಲು ಮೊದಲ ತುತ್ತಿಗೆ ಪಾಡ್‌ನ ಮರಿಗಳೇ ಬೇಕು ಎಂಬುದು ಅಲ್ಲಿನವರಿಗೂ ಚೆನ್ನಾಗಿ ಗೊತ್ತು. ಕ್ಲೌನ್ ಮೀನಿನ ಮರಿ ಹುಟ್ಟುವಾಗಲೇ ತಕ್ಕಮಟ್ಟಿಗೆ ಬೆಳೆದಿರುತ್ತದೆ. ಮ್ಯಾಂಡರಿನ್‌ನ ಮರಿ ಕಣ್ಣು, ಬಾಯಿ ಸರಿಯಾಗಿ ಮೂಡುವ ಮೊದಲೇ ನೀರಿಗೆ ಬಿದ್ದಿರುತ್ತದೆ. ಕಷ್ಟ ಇರುವುದು ಅಲ್ಲಿ.

ಕೊಳ್ಳಲು ಹೊರಟವರಿಗೆ ಇನ್ನು ನಾಲ್ಕು ಮಾತು. ತೊಟ್ಟಿಯಲ್ಲಿ ಹುಟ್ಟಿದ್ದೋ ಸಮುದ್ರದಿಂದ ಹಿಡಿದದ್ದೋ ಎಂದು ಕೇಳಿ, ಅಂಗಡಿಯವರು ತಡವರಿಸಿದರೆ ಸಮುದ್ರದ್ದೇ ಎಂದುಕೊಳ್ಳಿ. ಮೇಲಿನಿಂದ ಬೆನ್ನು ನೋಡಿ, ಹೊಟ್ಟೆ ಉಬ್ಬಿರಬೇಕು, ಕನಿಷ್ಠ ಸಮವಾಗಿರಬೇಕು. ನಿಮ್ಮ ಕಣ್ಣೆದುರೇ ಊಟ ಹಾಕಿಸಿ, ಅದು ತಿನ್ನುವುದನ್ನು ನೋಡಿ. ಬಲೆಯಲ್ಲಿ ಎತ್ತಲು ಬಿಡಬೇಡಿ, ಕೆನ್ನೆಯ ಪಕ್ಕದ ಕೊಕ್ಕೆಮುಳ್ಳು ದಾರಕ್ಕೆ ಸಿಕ್ಕಿಕೊಂಡು ಮೀನು ಗಾಯಗೊಳ್ಳುತ್ತದೆ, ಲೋಟದಲ್ಲಿ ನೀರಿನ ಸಮೇತ ಎತ್ತಿಸಿ. ಮನೆಗೆ ತಂದ ಮೇಲೆ ಬೇರೆ ತೊಟ್ಟಿಯಲ್ಲಿ ಕೆಲ ವಾರ ಗಮನಿಸುವುದು ಒಳ್ಳೆಯದೇ, ಆದರೆ ಅಲ್ಲಿಗೆ ತಾಮ್ರದ ಔಷಧ ಹಾಕಿದರೆ ಪಾಡ್‌ಗಳೆಲ್ಲ ಸಾಯುತ್ತವೆ, ಮೀನು ಉಪವಾಸ ಬೀಳುತ್ತದೆ. ಔಷಧವಿಲ್ಲದ ನೀರು, ಒಂದೆರಡು ಹಳೆಯ ಬಂಡೆಚೂರು, ದಿನವೂ ಡಬ್ಬದಿಂದ ಸೋಸಿದ ಪಾಡ್ ಇದ್ದರೆ ಸಾಕು. ಮೇಲೆ ಜಾಲರಿಯ ಮುಚ್ಚಳ ಹಾಕಲು ಮರೆಯಬೇಡಿ. ತೆವಳುವ ಮೀನು ಎಂದು ನಂಬಿ ಕೂತರೆ, ಬೆದರಿದ ರಾತ್ರಿ ಅದು ಹಾರಿ ನೆಲಕ್ಕೆ ಬೀಳುತ್ತದೆ.